ಸಿನ್ಸಿನಾಟಿಯ ವೇಧಶಾಲೆಯೂ ಸಾರ್ವಜನಿಕ ನಕ್ಷತ್ರದರ್ಶನವೂ

ವಿಶ್ವವಿದ್ಯಾನಿಲಯಗಳ ಭೌತವಿಜ್ಞಾನ ಶಾಖೆಗಳವರು ಕೆಲವು ರಾತ್ರಿಗಳನ್ನು ಗೊತ್ತುಮಾಡಿ, ತಮ್ಮ ದೂರದರ್ಶಕಯಂತ್ರಗಳನ್ನು ಊರಿನ ಜನರಿಗೆ ತೆರೆದಿಟ್ಟು, ಚಂದ್ರನ ಬೆಟ್ಟಗುಳಿಗಳನ್ನೂ ಶನಿಯ ವಲಯಗಳನ್ನೂ ಗುರುವಿನ ಉಪಗ್ರಹಗಳನ್ನೂ ತೋರಿಸುವ ಪದ್ಧತಿಯು ಇಂದು ಹಲವು ದೇಶಗಳಲ್ಲಿ ರೂಢವಾಗಿದೆ. ಇದರ ವಿಷಯದಲ್ಲಿ ವಿದ್ವಾಂಸರೊಳಗೆ ಒಂದು ಮತವುಂಟು. ಶೋಧನೆಯು ಪ್ರಧಾನ, ಪ್ರದರ್ಶನವು ಅದಕ್ಕೆ ಅಂಗ. ಅಂಗವು ಪ್ರಧಾನಕ್ಕೆ ಉಪಕಾರಕವಾದರೆ ಇರಲಿ, ಬಾಧಕವಾದರೆ ಬಿಡತಕ್ಕದ್ದು ಎಂದು ಅವರು ಹೇಳುವರು. ಮೀಮಾಂಸಕರ ಪರಿಭಾಷೆಯಲ್ಲಿ ಇದು ಅಂಗಾಂಗಿಭಾವದ ವಿಚಾರ. ಆದರೆ ಯಾವುದು ಅಂಗ, ಅಂಗಗಳನ್ನುಳ್ಳ ಪ್ರಧಾನವು ಯಾವುದು ಎಂಬುದನ್ನು ಬರಿಯ ಊಹೆಯಿಂದ ನಿರ್ಣಯಿಸಲಾಗದು. ಚರಿತ್ರೆಯ ಸಾಕ್ಷ್ಯವನ್ನೂ ಕೇಳಬೇಕು. ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲೊಂದಾದ ಓಹಾಯೋದಲ್ಲಿ ಸಿನ್ಸಿನಾಟಿ ಎಂಬ ನಗರವಿದೆ. ಅಲ್ಲಿಯ ವೇಧಶಾಲೆಯ ವೃತ್ತಾಂತವು ಈ ವಿಚಾರಕ್ಕೆ ಬಹಳ ಉಪಯುಕ್ತವಾದುದರಿಂದ, ಅದನ್ನು ಮೊದಲಿನಿಂದ ಸಂಗ್ರಹವಾಗಿ ನಿರೂಪಿಸಿ, ಅದರಿಂದ ಸಿದ್ಧವಾಗುವ ಅರ್ಥವನ್ನು ಕಡೆಯಲ್ಲಿ ತಿಳಿಸುವುದು ಈ ಲೇಖನದ ಉದ್ದೇಶ.

ಆ ಕಾಲದ ಸ್ಥಿತಿಯನ್ನು ಮೊದಲು ತಿಳಿಯಬೇಕು. ೧೮೨೫ರಲ್ಲಿ ಅಮೆರಿಕಾದ ಅಧ್ಯಕ್ಷಪದವಿಯಲ್ಲಿದ್ದ ಜಾನ್ ಕ್ವಿನ್ಸಿ ಆಡಮ್ಸನು ಶಾಸನಸಭೆಗೆ ಕಳುಹಿಸಿದ ಸಂದೇಶದಲ್ಲಿ, ಯೂರೋಪು ಖಂಡದಲ್ಲಿ ನೂರಮೂವತ್ತಕ್ಕೂ ಮಿಕ್ಕ ವೇಧಶಾಲೆಗಳಿದ್ದರೂ ಅಮೆರಿಕಾದಲ್ಲಿ ಒಂದೂ ಇಲ್ಲವೆಂದು ವ್ಯಸನಪಟ್ಟು, ರಾಷ್ಟ್ರೀಯವಾದ ಒಂದು ವೇಧಶಾಲೆಯನ್ನು ಕಟ್ಟಿಸಬೇಕೆಂದು ಪ್ರಾರ್ಥಿಸಿದ್ದನು. ವೇಧಶಾಲೆಗಳನ್ನು ಆಕಾಶದ ದೀಪಸ್ತಂಭಗಳೆಂದು ಆತನು ವರ್ಣಿಸಿದ ಮಾತು ಪ್ರತಿಪಕ್ಷದವರ ಪರಿಹಾಸಕ್ಕೆ ಗುರಿಯಾಯಿತು. ಶಾಸನಸಭೆಯು ಹಣವನ್ನು ಮಂಜೂರು ಮಾಡಲಿಲ್ಲ. ರಾಜ್ಯದ ಬೊಕ್ಕಸವು ಹೀಗೆ ಬಾಗಿಲು ಮುಚ್ಚಿಕೊಂಡಿತು. ಇನ್ನುಳಿದ ಮಾರ್ಗಗಳು ಎರಡೇ: ಯಾವನಾದರೂ ಧನಿಕನ ಔದಾರ್ಯ, ಇಲ್ಲವೆ ಜನಸಮೂಹದ ಉತ್ಸಾಹ. ಸಿನ್ಸಿನಾಟಿಯಲ್ಲಿ ಎರಡನೆಯದು ಫಲಿಸಿತು.

ಓಹಾಯೋ ನದಿಯ ದಡದಲ್ಲಿರುವ ಸಿನ್ಸಿನಾಟಿಯು ಆಗ ವ್ಯಾಪಾರದಿಂದ ವೇಗವಾಗಿ ಬೆಳೆಯುತ್ತಿದ್ದ ಊರು. ಅಲ್ಲಿಯ ಕಾಲೇಜಿನಲ್ಲಿ ಆರ್ಮ್ಸ್‌ಬಿ ಮೆಕ್‌ನೈಟ್ ಮಿಚೆಲ್ ಎಂಬಾತನು ಗಣಿತ, ಪದಾರ್ಥವಿಜ್ಞಾನ, ಖಗೋಳಶಾಸ್ತ್ರ ಈ ಮೂರಕ್ಕೂ ಅಧ್ಯಾಪಕನಾಗಿದ್ದನು. ವೆಸ್ಟ್ ಪಾಯಿಂಟಿನ ಸೇನಾವಿದ್ಯಾಲಯದಲ್ಲಿ ೧೮೨೯ರಲ್ಲಿ ಪದವಿಯನ್ನು ಪಡೆದು, ಕೆಲಕಾಲ ವಕೀಲಿವೃತ್ತಿಯಲ್ಲಿಯೂ ರೈಲುದಾರಿಯ ನಿರ್ಮಾಣದಲ್ಲಿಯೂ ಇದ್ದು, ಆಮೇಲೆ ಅಧ್ಯಾಪಕನಾದವನು ಈತನು. ೧೮೪೨ರಲ್ಲಿ ಈತನು ನಕ್ಷತ್ರಗ್ರಹಗಳ ವಿಷಯವಾಗಿ ಸಾರ್ವಜನಿಕವಾಗಿ ಉಪನ್ಯಾಸಮಾಲೆಯನ್ನು ನಡೆಸಿದನು. ಮೊದಲು ಸಾಧಾರಣವಾಗಿದ್ದ ಸಭೆಯು ದಿನದಿಂದ ದಿನಕ್ಕೆ ಬೆಳೆಯಿತು. ಕಡೆಯ ಉಪನ್ಯಾಸವನ್ನು ಊರಿನ ದೊಡ್ಡದೊಂದು ಪ್ರಾರ್ಥನಾಮಂದಿರದಲ್ಲಿ ನಡೆಸಬೇಕಾಯಿತು. ಆ ಸಭೆಯಲ್ಲಿ ಮಿಚೆಲನು ತನ್ನ ಮನೋರಥವನ್ನು ಬಿಚ್ಚಿ ಹೇಳಿದನು: ನೀವು ಕಿವಿಯಿಂದ ಕೇಳಿದುದನ್ನು ಕಣ್ಣಿನಿಂದ ಕಾಣಬೇಕಾದರೆ ನಿಮ್ಮದೇ ಆದ ಯಂತ್ರವೊಂದು ಬೇಕು, ಅದನ್ನು ನೀವೇ ಕೊಳ್ಳಬೇಕು ಎಂಬುದೇ ಅದರ ತಾತ್ಪರ್ಯ.

ಇದಕ್ಕಾಗಿ ಆತನು ಹೂಡಿದ ಉಪಾಯವು ಸರಳವಾದುದು. ಪಾಲೊಂದಕ್ಕೆ ೨೫ ಡಾಲರುಗಳಂತೆ ೩೦೦ ಪಾಲುಗಳು. ಒಟ್ಟು ೭,೫೦೦ ಡಾಲರುಗಳು. ಪಾಲನ್ನು ಕೊಂಡವನಿಗೆ ಲಾಭಾಂಶವೆಂದರೆ ಯಂತ್ರದ ಮೂಲಕ ಆಕಾಶವನ್ನು ನೋಡುವ ಹಕ್ಕು, ಅಷ್ಟೆ. ಮಿಚೆಲನು ಮನೆಮನೆಗೂ ಅಂಗಡಿಯಂಗಡಿಗೂ ಹೋಗಿ ಚಂದಾದಾರರನ್ನು ಕೂಡಿಸಿದನು. ಅವರಲ್ಲಿ ವರ್ತಕರೂ ವಕೀಲರೂ ಇದ್ದಂತೆ ಬಡಗಿಗಳೂ ಗಾರೆಕೆಲಸದವರೂ ಇತರ ಕೈಕಸಬಿನವರೂ ಇದ್ದರು. ಹೀಗೆ ೧೮೪೨ರ ಮೇ ತಿಂಗಳಲ್ಲಿ ಸಿನ್ಸಿನಾಟಿಯ ಖಗೋಳಸಂಘವು ಹುಟ್ಟಿತು. ಅರಸರ ಆಶ್ರಯದಿಂದ ವೇಧಶಾಲೆಗಳು ನಡೆದುದನ್ನು ಪ್ರಪಂಚವು ಬಹುಕಾಲದಿಂದ ಕಂಡಿದೆ. ನಮ್ಮ ಜಯಸಿಂಹ ಮಹಾರಾಜನ ಯಂತ್ರಾಲಯಗಳೇ ಅದಕ್ಕೆ ನಿದರ್ಶನ. ನೋಡುವ ಹಕ್ಕನ್ನೇ ಪಾಲುಗಳನ್ನಾಗಿ ಮಾಡಿ ಮಾರಿ ವೇಧಶಾಲೆಯನ್ನು ಕಟ್ಟಿದುದು ಇಲ್ಲಿಯ ವಿಶೇಷ.

ಆ ವರ್ಷವೇ ಮಿಚೆಲನು ಯಂತ್ರವನ್ನು ಅರಸಿಕೊಂಡು ಯೂರೋಪಿಗೆ ಹೊರಟನು. ಲಂಡನ್ ಪ್ಯಾರಿಸುಗಳಲ್ಲಿ ತಕ್ಕ ಕಾಚವು ದೊರೆಯಲಿಲ್ಲ. ಪ್ರಸಿದ್ಧನಾದ ಫ್ರಾನ್‌ಹೋಫರನ ಶಿಲ್ಪಪರಂಪರೆಯನ್ನು ಮುಂದುವರಿಸುತ್ತಿದ್ದ ಮ್ಯೂನಿಕ್ ನಗರದ ಮರ್ಟ್ಸ್ ಮತ್ತು ಮಾಲರ್ ಎಂಬವರ ಕಾರ್ಖಾನೆಯಲ್ಲಿ ೧೧ ಅಂಗುಲಕ್ಕೆ ಮಿಕ್ಕ ವ್ಯಾಸವುಳ್ಳ ಮಸೂರವೊಂದು ಸಿದ್ಧವಾಗಿತ್ತು. ಅದನ್ನು ಯಂತ್ರಕ್ಕೆ ಅಳವಡಿಸಿ ಪೂರ್ತಿಮಾಡಿಕೊಡಲು ೯,೦೦೦ ಡಾಲರುಗಳಿಗೂ ಹೆಚ್ಚು ಬೆಲೆ ನಿಶ್ಚಯವಾಯಿತು. ಉದ್ದೇಶಿಸಿದ ಮೂಲಧನಕ್ಕಿಂತ ಇದು ಅಧಿಕವಾದರೂ ಮಿಚೆಲನು ಧೈರ್ಯದಿಂದ ಒಪ್ಪಂದ ಮಾಡಿಕೊಂಡು, ಇಂಗ್ಲೆಂಡಿನ ಗ್ರೀನಿಚ್ ವೇಧಶಾಲೆಯಲ್ಲಿ ರಾಜಜ್ಯೋತಿಷಿಯಾಗಿದ್ದ ಏರಿಯ ಬಳಿ ಕೆಲವು ವಾರ ಅಭ್ಯಾಸಮಾಡಿ ಹಿಂದಿರುಗಿದನು.

ನಿವೇಶನವನ್ನು ಕೊಟ್ಟವನು ದ್ರಾಕ್ಷಾತೋಟಗಳಿಂದ ಹೆಸರಾದ ನಿಕೊಲಸ್ ಲಾಂಗ್‌ವರ್ತ್ ಎಂಬ ಶ್ರೀಮಂತನು. ಊರಿನ ಅಂಚಿನಲ್ಲಿದ್ದ ಐಡಾ ಎಂಬ ಗುಡ್ಡದ ಮೇಲೆ ೪ ಎಕರೆ ನೆಲವನ್ನು ಆತನು ದಾನಮಾಡಿದನು. ೧೮೪೩ರ ನವೆಂಬರ್ ೯ರಂದು ಅಸ್ತಿಭಾರದ ಶಿಲೆಯನ್ನು ಇಡುವುದಕ್ಕೆ, ಹಿಂದೆ ಪರಿಹಾಸಕ್ಕೆ ಒಳಗಾಗಿದ್ದ ಆ ಜಾನ್ ಕ್ವಿನ್ಸಿ ಆಡಮ್ಸನನ್ನೇ ಕರೆತಂದರು. ಆಗ ಆತನಿಗೆ ೭೬ ವರ್ಷ. ಚಳಿಗಾಲದ ಮೊದಲಲ್ಲಿ ಅಷ್ಟು ದೂರವನ್ನು ಆ ವೃದ್ಧನು ರೈಲಿನಲ್ಲಿಯೂ ಕಾಲುವೆಯ ದೋಣಿಯಲ್ಲಿಯೂ ಹಬೆಯ ಹಡಗಿನಲ್ಲಿಯೂ ಕ್ರಮಿಸಿ ಬಂದನು. ಆ ದಿನ ಮಳೆ ಹಿಡಿದುದರಿಂದ ಶಿಲಾಸ್ಥಾಪನೆಯು ಮಾತ್ರ ಗುಡ್ಡದ ಮೇಲೆ ನಡೆದು, ಆತನ ದೀರ್ಘವಾದ ಭಾಷಣವು ಮಾರನೆಯ ದಿನ ಊರೊಳಗೆ ನಡೆಯಿತು. ಆ ಗುಡ್ಡಕ್ಕೆ ಅಂದಿನಿಂದ ಆಡಮ್ಸನ ಹೆಸರೇ ಸಂದಿತು. ಸರ್ಕಾರವು ಹದಿನೆಂಟು ವರ್ಷಗಳ ಹಿಂದೆ ನಿರಾಕರಿಸಿದುದನ್ನು ಒಂದು ಊರಿನ ಜನರು ತಮ್ಮ ಕೈಯಿಂದಲೇ ಆರಂಭಿಸಿದರು.

ಆದರೆ ಶಿಲೆಯನ್ನು ಇಟ್ಟ ಮಾತ್ರಕ್ಕೆ ಕಟ್ಟಡವು ಏಳುವುದಿಲ್ಲ. ಕೂಡಿದ ಹಣವು ಯಂತ್ರದ ಬೆಲೆಗೇ ಹೋಯಿತು. ಆಗ ಮಿಚೆಲನು ಕೈಕೊಂಡ ಕ್ರಮವು ಗಮನಾರ್ಹವಾದುದು. ಹಣವನ್ನು ಕೊಡಲಾರದವರು ಶ್ರಮವನ್ನು ಕೊಡಬಹುದು, ಸಾಮಾನನ್ನು ಕೊಡಬಹುದು, ಅದಕ್ಕೆ ಸಮನಾಗಿ ಪಾಲು ದೊರೆಯುವುದು. ಕಲ್ಲನ್ನು ಆ ನಿವೇಶನದಲ್ಲಿಯೇ ಒಡೆದರು. ಸುಣ್ಣದ ಗೂಡನ್ನು ಅಲ್ಲಿಯೇ ಹೂಡಿದರು. ನೀರಿಗಾಗಿ ಕೊರಕಲಿಗೆ ಅಡ್ಡಗಟ್ಟೆ ಹಾಕಿದರು. ಅಧ್ಯಾಪಕನು ಕಾಲೇಜಿನ ಪಾಠವನ್ನು ಮುಗಿಸಿ, ಗುಡ್ಡವನ್ನು ಹತ್ತಿ, ಕೆಲಸದವರೊಡನೆ ತಾನೂ ದುಡಿಯುತ್ತಿದ್ದನು. ಕಸಬುದಾರನು ತಾನು ಕಟ್ಟಿದ ಗೋಡೆಯ ಒಳಗೆ ನಿಂತು, ತನ್ನ ಕೂಲಿಯ ಫಲವಾಗಿ ಶನಿಯ ವಲಯವನ್ನು ನೋಡುವನೆಂಬುದು ಈ ಏರ್ಪಾಡಿನ ಅರ್ಥ.

೧೮೪೫ರ ಆದಿಯಲ್ಲಿ ಒಂದು ವಿಪತ್ತು ಒದಗಿತು. ಜನವರಿಯಲ್ಲಿ ಕಾಲೇಜಿನ ಕಟ್ಟಡವು ಬೆಂಕಿಗೆ ಆಹುತಿಯಾಯಿತು. ಮಿಚೆಲನ ಸಂಬಳವೂ ಅದರೊಂದಿಗೆ ನಿಂತಿತು. ವೇಧಶಾಲೆಯ ಅಧ್ಯಕ್ಷತೆಯನ್ನು ಹತ್ತು ವರ್ಷಗಳವರೆಗೆ ಸಂಬಳವಿಲ್ಲದೆ ನಡೆಸುವೆನೆಂದು ಆತನು ಮೊದಲೇ ಮಾತುಕೊಟ್ಟಿದ್ದನು. ಆ ಮಾತನ್ನು ಆತನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಯಂತ್ರವು ಬಂದು ಸೇರಿ, ಏಪ್ರಿಲ್ ತಿಂಗಳಲ್ಲಿ ಕೆಲಸ ಆರಂಭವಾಯಿತು. ಆಗ ಪಶ್ಚಿಮಗೋಲಾರ್ಧದಲ್ಲೆಲ್ಲಾ ಅಷ್ಟು ದೊಡ್ಡ ಮಸೂರದ ದೂರದರ್ಶಕವು ಬೇರೊಂದಿರಲಿಲ್ಲ. ೧೮೪೭ರಲ್ಲಿ ಹಾರ್ವರ್ಡಿನಲ್ಲಿ ೧೫ ಅಂಗುಲದ ಯಂತ್ರವು ಸ್ಥಾಪಿತವಾಗುವವರೆಗೆ ಈ ಹಿರಿಮೆಯು ಸಿನ್ಸಿನಾಟಿಗೆ ಇತ್ತು.

ಪೂರ್ವಪಕ್ಷದವರ ವಾದಕ್ಕೆ ಹೆಚ್ಚಿನ ಬಲವು ಬರುವುದು ಈ ಘಟ್ಟದಲ್ಲಿಯೇ. ದೂರದರ್ಶಕದ ಬಳಿಯಲ್ಲಿ ಒಂದು ಸಲಕ್ಕೆ ಒಬ್ಬನೇ ನಿಲ್ಲಬಹುದು. ಒಬ್ಬೊಬ್ಬನಿಗೆ ಎರಡೆರಡು ನಿಮಿಷವೆಂದು ಲೆಕ್ಕ ಹಾಕಿದರೂ ಗಂಟೆಗೆ ಮೂವತ್ತು ಜನಕ್ಕಿಂತ ಹೆಚ್ಚು ನೋಡಲಾಗದು. ಮುನ್ನೂರು ಪಾಲುದಾರರು ಒಂದೊಂದು ಸಲ ನೋಡಿ ಮುಗಿಸುವುದಕ್ಕೇ ಹತ್ತು ಗಂಟೆ ಬೇಕು. ಅವರ ಮನೆಯವರನ್ನೂ ಬಂಧುಗಳನ್ನೂ ಸೇರಿಸಿದರೆ ಹೇಳತಕ್ಕುದೇನು! ಮೋಡವಿಲ್ಲದ ಸಂಜೆಗಳು ಹೀಗೆ ಜನರಿಗೆ ಸಂದುವು. ಅವರು ಹೋದಮೇಲೆ ಉಳಿದ ರಾತ್ರಿಯಲ್ಲಿ ಮಿಚೆಲನು ತನ್ನ ವೇಧವನ್ನು ನಡೆಸಬೇಕಾಗಿತ್ತು. ಜೀವನಕ್ಕಾಗಿ ಬಾಸ್ಟನ್, ನ್ಯೂಯಾರ್ಕ್, ನ್ಯೂ ಆರ್ಲಿಯನ್ಸ್ ಮೊದಲಾದ ಊರುಗಳಲ್ಲಿ ಉಪನ್ಯಾಸಗಳನ್ನೂ, ಆಮೇಲೆ ರೈಲುದಾರಿಯ ಕೆಲಸವನ್ನೂ ಮಾಡಬೇಕಾಯಿತು. ಅಂಥ ಯಂತ್ರದಿಂದ ನಿರಂತರವಾದ ವೇಧಪರಂಪರೆಯು ನಡೆದಿದ್ದರೆ ಬರಬಹುದಾಗಿದ್ದ ಫಲವು ಪೂರ್ತಿಯಾಗಿ ಬರಲಿಲ್ಲವೆಂಬುದನ್ನು ಒಪ್ಪಲೇಬೇಕು.

ಹಾಗೆಂದು ಶೋಧನೆಯು ಶೂನ್ಯವಾಗಿರಲಿಲ್ಲ. ಜ್ಯೇಷ್ಠಾನಕ್ಷತ್ರದ ಕೆಂಪು ಪ್ರಭೆಯಲ್ಲಿ ಮುಳುಗಿರುವ ಅದರ ಕಿರಿಯ ಜೊತೆತಾರೆಯನ್ನು ಮೊದಲ ವರ್ಷಗಳಲ್ಲಿಯೇ ಮಿಚೆಲನು ಸ್ವತಂತ್ರವಾಗಿ ಗುರುತಿಸಿದನು. ೧೮೪೫ರಲ್ಲಿ ಕುಜನ ದಕ್ಷಿಣಧ್ರುವದ ಹಿಮಾವರಣವು ಕುಗ್ಗುತ್ತಿದ್ದಾಗ ಅದರಿಂದ ಬೇರೆಯಾಗಿ ಹೊಳೆಯುತ್ತ ಉಳಿದ ಭಾಗವೊಂದನ್ನು ಕಂಡನು. ಅದಕ್ಕೆ ಮಿಚೆಲನ ಪರ್ವತಗಳೆಂಬ ಹೆಸರು ರೂಢವಾಯಿತು. ನಕ್ಷತ್ರಸಂಕ್ರಮಣದ ಕಾಲವನ್ನು ವಿದ್ಯುತ್ತಿನ ಸಹಾಯದಿಂದ ತಿರುಗುವ ಫಲಕದ ಮೇಲೆ ಗುರುತಿಸುವ ಯಂತ್ರವನ್ನೂ ಆತನು ಕಲ್ಪಿಸಿದನು. ಇದಕ್ಕಿಂತ ದೊಡ್ಡ ಫಲವು ಬೇರೆ ದಿಕ್ಕಿನಲ್ಲಿ ಬಂದಿತು. ೧೮೪೬ರಿಂದ ೧೮೪೮ರವರೆಗೆ 'ಸೈಡಿರಿಯಲ್ ಮೆಸೆಂಜರ್', ಎಂದರೆ ನಕ್ಷತ್ರದೂತ, ಎಂಬ ಪತ್ರಿಕೆಯನ್ನು ಆತನು ನಡೆಸಿದನು. ಜನಸಾಮಾನ್ಯರಿಗಾಗಿ ಆ ದೇಶದಲ್ಲಿ ಹುಟ್ಟಿದ ಖಗೋಳಪತ್ರಿಕೆಗಳಲ್ಲಿ ಅದೇ ಮೊದಲನೆಯದು. ಆತನ ಉಪನ್ಯಾಸಗಳನ್ನು ಕೇಳಿದ ಊರುಗಳಲ್ಲಿ ಆಕಾಶಶಾಸ್ತ್ರದ ಮೇಲಣ ಅಭಿರುಚಿಯು ಹಬ್ಬಿತು. ಆಲ್ಬನಿ ನಗರದ ಡಡ್ಲಿ ವೇಧಶಾಲೆಯ ಸ್ಥಾಪನೆಯಲ್ಲಿ ಆತನ ಸಲಹೆಯೂ ನಕ್ಷೆಯೂ ಉಪಯೋಗಕ್ಕೆ ಬಂದುವು. ಒಂದು ದೀಪದಿಂದ ಮತ್ತೊಂದು ದೀಪವನ್ನು ಹೊತ್ತಿಸಿದರೆ ಮೊದಲನೆಯದರ ಎಣ್ಣೆ ಸ್ವಲ್ಪ ಹೆಚ್ಚಾಗಿ ಸುಟ್ಟಿತೆಂದು ದುಃಖಿಸುವವರು ವಿರಳ.

ನೋಡುವುದರಿಂದ ಆಗುವ ಪ್ರಯೋಜನವಾದರೂ ಏನೆಂದು ಕೆಲವರು ಕೇಳಬಹುದು. ಇದಕ್ಕೆ ನಮ್ಮ ಶಾಸ್ತ್ರಗಳಲ್ಲಿಯೇ ಉತ್ತರವಿದೆ. ಸೂಕ್ಷ್ಮವಾದುದನ್ನು ತಿಳಿಸುವುದಕ್ಕೆ ಮೊದಲು ಸ್ಥೂಲವನ್ನು ತೋರಿಸಬೇಕೆಂಬ ಅರ್ಥದಲ್ಲಿ ಅರುಂಧತೀದರ್ಶನನ್ಯಾಯವನ್ನು ವೇದಾಂತಿಗಳು ಹೇಳುವರು. ವಿವಾಹದಲ್ಲಿ ವಧುವಿಗೆ ಅರುಂಧತಿಯನ್ನು ತೋರಿಸುವವನು ಹತ್ತಿರದ ದೊಡ್ಡ ನಕ್ಷತ್ರವನ್ನು ಮೊದಲು ತೋರಿಸಿ, ಅಲ್ಲಿಂದ ದೃಷ್ಟಿಯನ್ನು ಕ್ರಮವಾಗಿ ಒಯ್ಯುವನು. ದೂರದರ್ಶಕದ ಬಳಿಯಲ್ಲಿ ಈ ನ್ಯಾಯವು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಹೋಗುತ್ತದೆ. ಬರಿಗಣ್ಣಿಗೆ ಒಂದೇ ಆಗಿ ತೋರುವ ವಸಿಷ್ಠನಕ್ಷತ್ರವು ಸಣ್ಣ ಯಂತ್ರದಲ್ಲಿಯೂ ಎರಡು ತಾರೆಗಳಾಗಿ ಒಡೆದು ಕಾಣುವುದು. ಇದನ್ನು ನೂರು ಸಲ ಕೇಳಿದವನಿಗೂ ಒಂದು ಸಲ ಕಂಡವನಿಗೂ ಮಹದಂತರವುಂಟು. ಕೇಳಿದವನು ಗುರುವಿನ ಮಾತನ್ನು ನಂಬಿದನು. ಕಂಡವನು ತನ್ನ ಕಣ್ಣಿನ ಮಿತಿಯನ್ನು ತಿಳಿದನು. ಪ್ರಮಾಣಗಳಲ್ಲಿ ಪ್ರತ್ಯಕ್ಷವು ಮೊದಲನೆಯದು. ಗಣಿತದಿಂದ ಬಂದ ಗ್ರಹಸ್ಥಾನವು ದೃಷ್ಟಿಯೊಡನೆ ಹೊಂದದಿದ್ದರೆ ಗಣಿತವನ್ನೇ ತಿದ್ದಬೇಕೆಂಬ ತತ್ತ್ವದಿಂದಲ್ಲವೆ ಕೇರಳದ ಪರಮೇಶ್ವರಾಚಾರ್ಯರು ಹದಿನೈದನೆಯ ಶತಮಾನದಲ್ಲಿ ದೃಗ್ಗಣಿತವನ್ನು ರಚಿಸಿದುದು? ಆ ದೃಕ್ಕಿನ ಅಧಿಕಾರವು ಶಾಸ್ತ್ರಜ್ಞರಲ್ಲಿಯೇ ನಿಲ್ಲದೆ ಜನರಿಗೂ ಬಂದುದು ಸಿನ್ಸಿನಾಟಿಯಂಥ ಕಡೆಗಳಲ್ಲಿ.

ಮುಂದಿನ ಚರಿತ್ರೆಯು ಏಳುಬೀಳುಗಳಿಂದ ಕೂಡಿದುದು. ಮಿಚೆಲನು ಆಲ್ಬನಿಗೆ ಹೋದನು. ೧೮೬೧ರಲ್ಲಿ ಅಂತರ್ಯುದ್ಧವು ಹೊತ್ತಿಕೊಂಡಾಗ ಉತ್ತರದವರ ಪಕ್ಷದಲ್ಲಿ ಸೇನಾನಿಯಾಗಿ, ೧೮೬೨ರ ಅಕ್ಟೋಬರ್ ೩೦ರಂದು ದಕ್ಷಿಣ ಕೆರೋಲಿನಾದ ಬೋಫರ್ಟಿನಲ್ಲಿ ಹಳದಿಜ್ವರದಿಂದ ಮೃತನಾದನು. ವೇಧಶಾಲೆಯು ಕೆಲಕಾಲ ಮಂಕಾಯಿತು. ೧೮೬೮ರಲ್ಲಿ ಅಧ್ಯಕ್ಷನಾಗಿ ಬಂದ ಕ್ಲೀವ್‌ಲೆಂಡ್ ಆಬೆ ಎಂಬಾತನು, ತಂತಿಯ ಮೂಲಕ ಹಲವು ಊರುಗಳಿಂದ ಹವೆಯ ವರ್ತಮಾನವನ್ನು ತರಿಸಿ, ೧೮೬೯ರ ಸೆಪ್ಟೆಂಬರ್ ೧ರಿಂದ ಹವಾಪ್ರಕಟನೆಗಳನ್ನು ಹೊರಡಿಸತೊಡಗಿದನು. ಅಮೆರಿಕಾ ಸರ್ಕಾರದ ಹವಾಶಾಖೆಗೆ ಇದು ದಾರಿ ತೋರಿತು. ಆಬೆಯನ್ನೂ ಅಲ್ಲಿಗೇ ಕರೆಸಿಕೊಂಡರು. ಜನರ ಯಂತ್ರಶಾಲೆಯಲ್ಲಿ ಜನರಿಗೆ ದಿನದಿನವೂ ಬೇಕಾದ ವಿದ್ಯೆಯೊಂದು ಹುಟ್ಟಿದುದು ಯೋಗ್ಯವಾಗಿಯೇ ಇದೆ.

ಇಷ್ಟರಲ್ಲಿ ಊರು ಬೆಳೆದು ಕಲ್ಲಿದ್ದಲಿನ ಹೊಗೆಯು ಆಡಮ್ಸ್ ಗುಡ್ಡವನ್ನು ಮುತ್ತಿತು. ೧೮೭೦ರಲ್ಲಿ ಸಿನ್ಸಿನಾಟಿಯ ವಿಶ್ವವಿದ್ಯಾನಿಲಯವು ರೂಪುಗೊಂಡಮೇಲೆ ವೇಧಶಾಲೆಯು ಅದರ ಅಧೀನಕ್ಕೆ ಬಂದಿತು. ಜಾನ್ ಕಿಲ್‌ಗೂರನೆಂಬವನು ಕೊಟ್ಟ ನೆಲದಲ್ಲಿ, ಊರಿನಿಂದ ದೂರವಾಗಿದ್ದ ಮೌಂಟ್ ಲುಕೌಟ್ ಎಂಬಲ್ಲಿ, ೧೮೭೩ರಲ್ಲಿ ಹೊಸ ಮಂದಿರವನ್ನು ಕಟ್ಟಿದರು. ಆಡಮ್ಸನು ಇಟ್ಟ ಶಿಲೆಯನ್ನು ಅಲ್ಲಿಗೆ ತಂದು ಸೇರಿಸಿದರು. ೧೮೮೪ರಿಂದ ೧೯೩೦ರವರೆಗೆ ಅಧ್ಯಕ್ಷನಾಗಿದ್ದ ಜರ್ಮೇನ್ ಪೋರ್ಟರನ ಕಾಲದಲ್ಲಿ ನಕ್ಷತ್ರಗಳ ಸ್ವಗತಿಯ ವಿಷಯವಾಗಿ ಶ್ರಮಸಾಧ್ಯವಾದ ಪಟ್ಟಿಗಳು ಸಿದ್ಧವಾದುವು. ೧೯೦೪ರಲ್ಲಿ ೧೬ ಅಂಗುಲದ ಹೊಸ ಯಂತ್ರವು ಬಂದಾಗ ಹಳೆಯ ಮ್ಯೂನಿಕ್ ಯಂತ್ರವನ್ನು ಎಸೆಯದೆ, ಅದಕ್ಕಾಗಿಯೇ ಮಿಚೆಲನ ಹೆಸರಿನ ಚಿಕ್ಕ ಮಂದಿರವನ್ನು ಪಕ್ಕದಲ್ಲಿ ಕಟ್ಟಿದರು. ೧೯೪೭ರಿಂದ ೧೯೭೮ರವರೆಗೆ ಪಾಲ್ ಹರ್ಗೆಟ್ಟನ ನೇತೃತ್ವದಲ್ಲಿ ಕ್ಷುದ್ರಗ್ರಹಗಳ ಕಕ್ಷೆಗಳನ್ನು ಗಣಿಸುವ ಅಂತಾರಾಷ್ಟ್ರೀಯ ಕೇಂದ್ರವು ಇಲ್ಲಿಯೇ ಇತ್ತು.

ಆ ಕೇಂದ್ರವು ೧೯೭೮ರಲ್ಲಿ ಮಸಾಚುಸೆಟ್ಸಿನ ಕೇಂಬ್ರಿಜ್ ನಗರಕ್ಕೆ ವರ್ಗವಾಯಿತು. ಮರುವರ್ಷ ವೇಧಶಾಲೆಯು ವಿಶ್ವವಿದ್ಯಾನಿಲಯದ ಭೌತವಿಜ್ಞಾನ ಶಾಖೆಯಲ್ಲಿ ಲೀನವಾಯಿತು. ಹೊಗೆಯಿಂದ ತಪ್ಪಿಸಿಕೊಂಡು ಬಂದಿದ್ದ ಮೌಂಟ್ ಲುಕೌಟನ್ನೂ ಊರು ಸುತ್ತುವರಿದು, ವಿದ್ಯುದ್ದೀಪಗಳ ಬೆಳಕಿನಿಂದ ಅಲ್ಲಿಯ ಆಕಾಶವು ಬೆಳ್ಳಗಾಯಿತು. ಮಂದತಾರೆಗಳ ಸೂಕ್ಷ್ಮಶೋಧನೆಗೆ ಅಂಥ ಸ್ಥಳವು ಒದಗುವಂತಿರಲಿಲ್ಲ. ಶೋಧನೆಯೇ ಪ್ರಧಾನ, ಪ್ರದರ್ಶನವು ಅಂಗವೆಂಬ ನಿಯಮದಂತೆ ಪ್ರಧಾನವು ಲೋಪವಾದಾಗ ಅಂಗವೂ ಲೋಪವಾಗಬೇಕಾಗಿತ್ತು. ಆದುದು ಹಾಗಲ್ಲ. ಚಂದ್ರನೂ ಶನಿಯೂ ಊರಿನ ಬೆಳಕಿಗೆ ಹೆದರುವವರಲ್ಲ. ಅವರನ್ನು ನೋಡಲು ಜನರು ಬರುತ್ತಲೇ ಇದ್ದರು. ೧೯೯೭ರಲ್ಲಿ ಆ ಸ್ಥಳಕ್ಕೆ ರಾಷ್ಟ್ರೀಯ ಐತಿಹಾಸಿಕ ಸ್ಮಾರಕವೆಂಬ ಗೌರವವು ಲಭಿಸಿತು. ಬಳಿಕ ೧೯೯೯ರಲ್ಲಿ ಜನಶಿಕ್ಷಣವನ್ನೇ ಮುಖ್ಯೋದ್ದೇಶವಾಗಿ ಉಳ್ಳ, ಲಾಭಾಪೇಕ್ಷೆಯಿಲ್ಲದ ಸಂಸ್ಥೆಯೊಂದು ಅದರ ಕಾರ್ಯಭಾರವನ್ನು ವಹಿಸಿಕೊಂಡಿತು. ಬಡಗಿಗಳ ಮತ್ತು ವರ್ತಕರ ಇಪ್ಪತ್ತೈದು ಡಾಲರುಗಳಿಂದ ಕೊಂಡ ಆ ಮಸೂರವು ಇಂದಿಗೂ ಸಾರ್ವಜನಿಕರಿಗೆ ಆಕಾಶವನ್ನು ತೋರಿಸುತ್ತಿದೆ.

ಇದರಿಂದ ಸಿದ್ಧವಾದುದೇನು? ಈ ವೇಧಶಾಲೆಯಲ್ಲಿ ದರ್ಶನದ ಆಸೆಯು ಮೊದಲು ಹುಟ್ಟಿತು. ಆ ಆಸೆಯು ಯಂತ್ರವನ್ನು ತಂದಿತು. ಯಂತ್ರವು ಶೋಧಕರನ್ನು ಪೋಷಿಸಿತು. ಶೋಧಕರು ಬೇರೆ ಕಡೆಗೆ ನಡೆದಮೇಲೆ ದರ್ಶನವೇ ಯಂತ್ರವನ್ನು ಕಾಪಾಡಿತು. ಆದುದರಿಂದ ಪ್ರದರ್ಶನವು ಶೋಧನೆಗೆ ಅಂಗಮಾತ್ರವೆಂಬ ಮತವು ಇಲ್ಲಿ ನಿಲ್ಲುವುದಿಲ್ಲ. ಶೋಧನೆಯನ್ನು ಬಿಟ್ಟು ಪ್ರದರ್ಶನವೊಂದೇ ಸಾಕೆಂದೂ ಹೇಳತಕ್ಕುದಲ್ಲ. ಮಿಚೆಲನು ಕಳೆದುಕೊಂಡ ರಾತ್ರಿಗಳು ಅದಕ್ಕೆ ಸಾಕ್ಷಿ. ಶೋಧಕನಿಗೆ ಸಂಬಳವಿಲ್ಲದೆ ಪ್ರದರ್ಶನದ ಭಾರವನ್ನೆಲ್ಲಾ ಒಬ್ಬನ ಮೇಲೆಯೇ ಹೊರಿಸಿದುದು ಅಲ್ಲಿಯ ದೋಷವೇ ಹೊರತು, ಜನರನ್ನು ಒಳಕ್ಕೆ ಕರೆದುದು ದೋಷವಲ್ಲ. ಇವೆರಡಕ್ಕೂ ಇರುವ ಸಂಬಂಧವನ್ನು ಋಣವೆಂದು ಕರೆಯುವುದು ಹೆಚ್ಚು ಯುಕ್ತ. ಋಷಿಗಳ ಋಣವು ಅಧ್ಯಯನದಿಂದ ತೀರುವುದೆಂದು ನಮ್ಮವರು ಹೇಳುವರು. ಜನರ ದ್ರವ್ಯದಿಂದ ನಡೆಯುವ ವಿದ್ಯಾಶಾಲೆಗಳಿಗೆ ಜನಋಣವೆಂಬ ಇನ್ನೊಂದುಂಟು. ಅದು ತೋರಿಸುವುದರಿಂದ ತೀರತಕ್ಕದ್ದು.

ತೋರಿಸುವುದೆಂದರೆ ಯಂತ್ರವನ್ನು ತಿರುಗಿಸುವುದು ಮಾತ್ರವಲ್ಲ. ಕಂಡುದನ್ನು ಅರ್ಥಮಾಡಿಕೊಳ್ಳಲು ಕಂಡವನ ಭಾಷೆಯಲ್ಲಿ ಮಾತು ಬೇಕು. ಮಿಚೆಲನ ಪತ್ರಿಕೆಯು ಆ ಕೆಲಸವನ್ನು ಅಲ್ಲಿ ಮಾಡಿತು. ನಮ್ಮ ದೇಶದಲ್ಲಿಯೂ ಇದನ್ನು ಅರಿತವರಿದ್ದರು. ಮದರಾಸಿನ ಸರ್ಕಾರೀ ವೇಧಶಾಲೆಯಲ್ಲಿ ಉದ್ಯೋಗಿಗಳಾಗಿದ್ದ ಚಿಂತಾಮಣಿ ರಘುನಾಥಾಚಾರ್ಯರು, ೧೮೭೪ರ ಡಿಸೆಂಬರ್ ೯ರಂದು ಸೂರ್ಯಬಿಂಬವನ್ನು ಶುಕ್ರನು ದಾಟುವ ಅಪೂರ್ವಯೋಗವು ಒದಗಿದಾಗ, ಅದನ್ನು ಸಾಮಾನ್ಯರಿಗೆ ತಿಳಿಸುವುದಕ್ಕಾಗಿ ಸಿದ್ಧಾಂತಿಯೂ ಪಂಡಿತನೂ ನಡೆಸುವ ಸಂವಾದದ ರೂಪದಲ್ಲಿ ಪುಸ್ತಿಕೆಯೊಂದನ್ನು ಬರೆದು, ಇಂಗ್ಲಿಷಿನಲ್ಲಿ ಮಾತ್ರವಲ್ಲದೆ ದೇಶಭಾಷೆಗಳಲ್ಲಿಯೂ ಪ್ರಕಟಿಸಿದರು. ಅವುಗಳಲ್ಲಿ ಕನ್ನಡವೂ ಸೇರಿತ್ತು. ಲಂಡನ್ನಿನ ರಾಜಕೀಯ ಖಗೋಳಸಂಘದ ಸದಸ್ಯತ್ವವನ್ನು ೧೮೭೨ರಲ್ಲಿ ಪಡೆದಿದ್ದ ಆ ವಿದ್ವಾಂಸರಿಗೆ, ತಮ್ಮ ಶೋಧನೆಯ ಕಾಲವನ್ನು ಇದಕ್ಕೆ ವ್ಯಯಮಾಡುವುದು ಅಗೌರವವೆಂದು ತೋರಲಿಲ್ಲ.

ಆಕಾಶವನ್ನು ತೋರಿಸುವ ಕೆಲಸವನ್ನು ಇಂದು ಕೈಕೊಂಡಿರುವ ಭೌತವಿಜ್ಞಾನ ಶಾಖೆಗಳು ಈ ಎರಡು ನಿದರ್ಶನಗಳನ್ನೂ ಒಟ್ಟಿಗೆ ನೆನೆಯತಕ್ಕುದು. ಜನರಿಗೆ ಯಂತ್ರವನ್ನು ತೆರೆದಿಟ್ಟ ರಾತ್ರಿಯು ಶಾಸ್ತ್ರಕ್ಕೆ ನಷ್ಟವಾದ ರಾತ್ರಿಯಲ್ಲ. ನಕ್ಷತ್ರವನ್ನು ಕಂಡವನಿಗೆ ಅವನ ನುಡಿಯಲ್ಲಿಯೇ ಅದರ ತತ್ತ್ವವನ್ನು ಹೇಳುವ ಶಬ್ದಗಳನ್ನು ಸಿದ್ಧಪಡಿಸುವುದು ಭಾಷಾಪಂಡಿತರ ಪಾಲಿಗೆ ಬಂದಿರುವ ಕಾರ್ಯ. ಅದರಲ್ಲಿ ನಮ್ಮ ಭಾಗವನ್ನು ನಾವು ಸಲ್ಲಿಸಬೇಕಾಗಿದೆ.